ಯುರೋಪಿನ ಹೆಬ್ಬಾಗಿಲು ಮತ್ತು ಒಂದು ಕರಾರುಪತ್ರ

1977ರಲ್ಲಿ ಜರ್ಮನಿಯ ಇಬ್ಬರು ವ್ಯವಹಾರಸ್ಥರ ನಡುವೆ ಒಂದು ಕರಾರು ಏರ್ಪಟ್ಟಿತು. ಸ್ಪೇನ್ ಮೊದಲಾದ ದೇಶಗಳ ಆಹಾರವಸ್ತುಗಳ ಮಾರುಕಟ್ಟೆಯನ್ನು ಒಬ್ಬನು ಅಭ್ಯಸಿಸಿ ತಿಳಿಸಬೇಕು; ಹಣ್ಣು ಆಮದು ಮಾಡುವ ಸಂಸ್ಥೆಯವರು ಅದಕ್ಕೆ ಹಣ ಕೊಡಬೇಕು. ಸ್ಪೇನ್, ಪೋರ್ಚುಗಲ್, ಗ್ರೀಸ್ ದೇಶಗಳು ಯುರೋಪಿಯನ್ ಸಮುದಾಯವನ್ನು ಸೇರುವುದು ಕಾನೂನಿನ ದೃಷ್ಟಿಯಿಂದಾಗಲಿ ವಸ್ತುಸ್ಥಿತಿಯಿಂದಾಗಲಿ ಅಸಾಧ್ಯವೆಂದು ಕಂಡರೆ ಸಂಸ್ಥೆಯವರು ಕರಾರನ್ನು ಮುರಿಯಬಹುದೆಂಬ ಷರತ್ತು ಅದರಲ್ಲಿತ್ತು. ವ್ಯಾಪಾರಿಯ ಮುಂದಾಲೋಚನೆಯೆಂದರೆ ಇದೇ. ಸಂಸ್ಥೆಯವರು ಕರಾರು ಮುರಿದರು. ಎದುರು ಪಕ್ಷದವನು ಹಣ ಕೇಳಿ ಎಸ್ಸೆನ್ ನಗರದ ನ್ಯಾಯಾಲಯಕ್ಕೆ ಹೋದನು. ಅಲ್ಲಿಂದ ಪ್ರಶ್ನೆಯು ಲಕ್ಸೆಂಬರ್ಗಿನಲ್ಲಿರುವ ಸಮುದಾಯದ ನ್ಯಾಯಾಲಯಕ್ಕೆ ಬಂತು: ಹೊಸ ರಾಷ್ಟ್ರಗಳ ಪ್ರವೇಶಕ್ಕೆ ಕಾನೂನಿನ ಎಲ್ಲೆ ಯಾವುದು?

ರೋಮ್ ಒಪ್ಪಂದದ (1957) 237ನೆಯ ವಿಧಿ ಬಹಳ ಚಿಕ್ಕದು. ಯಾವುದೇ ಯುರೋಪಿಯನ್ ರಾಷ್ಟ್ರವು ಅರ್ಜಿ ಸಲ್ಲಿಸಬಹುದು. ಆಯೋಗದ ಅಭಿಪ್ರಾಯ ಪಡೆದು ಮಂತ್ರಿಗಳ ಪರಿಷತ್ತು ಸರ್ವಾನುಮತದಿಂದ ತೀರ್ಮಾನಿಸಬೇಕು. ಆ ಬಳಿಕ ಪ್ರವೇಶದ ಒಪ್ಪಂದಕ್ಕೆ ಎಲ್ಲ ಸದಸ್ಯ ರಾಷ್ಟ್ರಗಳೂ ಅನುಮೋದನೆ ನೀಡಬೇಕು. ನಿರಾಕರಿಸುವವರು ಕಾರಣ ಕೊಡಬೇಕೆಂಬ ಮಾತು ಅದರಲ್ಲಿಲ್ಲ. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರು 1963ರ ಜನವರಿ 14ರಂದು ಪತ್ರಿಕಾಗೋಷ್ಠಿಯಲ್ಲೇ ಬ್ರಿಟನ್ನಿನ ಪ್ರವೇಶಕ್ಕೆ ತಡೆಯೊಡ್ಡಿದರು, 1967ರಲ್ಲಿ ಮತ್ತೊಮ್ಮೆ. ಆ ದೇಶ ಒಳಬಂದದ್ದು 1973ರಲ್ಲಿ, ಹೊರನಡೆದದ್ದು 2020ರಲ್ಲಿ.

ಲಕ್ಸೆಂಬರ್ಗಿನ ನ್ಯಾಯಾಧೀಶರು 1978ರ ನವೆಂಬರ್ 22ರಂದು ಉತ್ತರಿಸಲು ಒಪ್ಪಲಿಲ್ಲ. ಖಾಸಗಿ ಕರಾರಿನ ಷರತ್ತು ತಮ್ಮನ್ನು ಕಟ್ಟಿಹಾಕಲಾರದು. ಪ್ರವೇಶದ ನಿಬಂಧನೆಗಳನ್ನು ವಿಧಿಯಲ್ಲಿ ಹೇಳಿರುವ ಅಧಿಕಾರಿಗಳೇ ಆ ಕ್ರಮದೊಳಗೆ ರೂಪಿಸಬೇಕು. ಅವುಗಳ ಸ್ವರೂಪವನ್ನು ನ್ಯಾಯಾಲಯವು ಮುಂಗಡವಾಗಿ ನಿರ್ಧರಿಸಲಾಗದು ಎಂದರು. ಇದನ್ನು ನುಣುಚಿಕೊಳ್ಳುವಿಕೆ ಎನ್ನುವವರುಂಟು. ತಮ್ಮ ಅಧಿಕಾರದ ಗಡಿಯನ್ನು ತಾವೇ ಅರಿತು ನಿಂತರೆಂದು ನನ್ನ ಎಣಿಕೆ. ಗ್ರೀಸ್ 1981ರಲ್ಲಿಯೂ ಉಳಿದೆರಡು ದೇಶಗಳು 1986ರಲ್ಲಿಯೂ ಸೇರಿದವು.

ಹಾಗೆಂದು ಬರೆಯದ ನಿಯಮಗಳು ಇರಲಿಲ್ಲವೆಂದಲ್ಲ. ಜನರಲ್ ಫ್ರಾಂಕೋ ಆಳುತ್ತಿದ್ದ ಸ್ಪೇನ್ 1962ರಲ್ಲಿ ಬಾಗಿಲು ತಟ್ಟಿದಾಗ ಒಳಕ್ಕೆ ಕರೆಯಲಿಲ್ಲ. ಮೊರಾಕ್ಕೋ 1987ರಲ್ಲಿ ಅರ್ಜಿ ಹಾಕಿದಾಗ ಅದು ಯುರೋಪಿನ ದೇಶವಲ್ಲವೆಂಬ ಉತ್ತರ ಬಂತು. ಇಂತಹ ರೂಢಿಗೆ 1993ರ ಜೂನ್‌ನಲ್ಲಿ ಕೋಪನ್‌ಹೇಗನ್ ಸಭೆಯು ಲಿಖಿತ ರೂಪ ಕೊಟ್ಟಿತು: ಪ್ರಜಾಪ್ರಭುತ್ವ, ನ್ಯಾಯದ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ, ಸ್ಪರ್ಧೆಯನ್ನು ತಡೆದುಕೊಳ್ಳಬಲ್ಲ ಮಾರುಕಟ್ಟೆ, ಸದಸ್ಯತ್ವದ ಹೊಣೆ ಹೊರುವ ಶಕ್ತಿ. ಹೊಸಬರನ್ನು ಅರಗಿಸಿಕೊಳ್ಳುವ ಶಕ್ತಿ ಒಕ್ಕೂಟಕ್ಕಿದೆಯೇ ಎಂಬುದನ್ನೂ ನೋಡಬೇಕೆಂದಿತು.

ಆದರೆ ಸರ್ವಾನುಮತದ ಬೀಗ ಹಾಗೆಯೇ ಉಳಿಯಿತು. ಮೆಸಿಡೋನಿಯಾ 2005ರಲ್ಲಿ ಅಭ್ಯರ್ಥಿಯೆನಿಸಿತು. ಮಾತುಕತೆ ಆರಂಭಿಸಬಹುದೆಂದು ಆಯೋಗ 2009ರಲ್ಲಿಯೇ ಹೇಳಿದರೂ, ತನ್ನ ಪ್ರಾಂತ್ಯವೊಂದರ ಹೆಸರಿದು ಎಂದು ಗ್ರೀಸ್ ಒಪ್ಪಲಿಲ್ಲ. ಕಡೆಗೆ 2019ರಲ್ಲಿ ಆ ಪುಟ್ಟ ದೇಶ ತನ್ನ ಹೆಸರನ್ನೇ ಉತ್ತರ ಮೆಸಿಡೋನಿಯಾ ಎಂದು ಬದಲಿಸಿಕೊಂಡಿತು. ಯಾವ ನಿಬಂಧನಾಪಟ್ಟಿಯಲ್ಲಿಯೂ ಇಲ್ಲದ ತ್ಯಾಗವಿದು. ಅದೇ ವರ್ಷ ಫ್ರಾನ್ಸ್ ತಡೆಯಿತು. 2020ರಲ್ಲಿ ಭಾಷೆ, ಇತಿಹಾಸಗಳ ತಕರಾರೆತ್ತಿ ಬಲ್ಗೇರಿಯಾ ತಡೆಯಿತು. 2022ರ ಜುಲೈನಲ್ಲಿ ಮಾತುಕತೆ ವಿಧಿವತ್ತಾಗಿ ಆರಂಭವಾದಾಗ, ಸಂವಿಧಾನದಲ್ಲಿ ಬಲ್ಗೇರಿಯನ್ ಜನರ ಉಲ್ಲೇಖವನ್ನು ಸೇರಿಸಬೇಕೆಂಬ ಇನ್ನೊಂದು ಷರತ್ತು ಅದರ ಜೊತೆಗಿತ್ತು.