ಗೌರವಧನದ ಲೆಕ್ಕ, ಸೇವೆಯ ಲೆಕ್ಕ

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಬಗ್ಗೆ ಈಚೆಗೆ ಬರುವ ಬರಹಗಳೆಲ್ಲ ಗೌರವಧನ ಏರಿದ ಕಥೆಯನ್ನೇ ಹೇಳುತ್ತವೆ: ಮುಷ್ಕರ, ಮಾತುಕತೆ, ಆದೇಶ, ಏರಿಕೆ. ಪುಟ್ಟೇನಹಳ್ಳಿ, ಯಲಹಂಕದ ಕಡೆ ಬಾಡಿಗೆ ಮನೆ ಹಿಡಿದು ಹಗಲು ಕಾಲೇಜಿನಲ್ಲಿ, ಸಂಜೆ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುವವರನ್ನು ಕೇಳಿ ನೋಡಿ. ಈ ವರ್ಷ ಎಷ್ಟು ಗಂಟೆ ಕಾರ್ಯಭಾರ ಸಿಕ್ಕಿತು, ಎಷ್ಟು ತಿಂಗಳು ಕೆಲಸವಿಲ್ಲದೆ ಕೂತದ್ದಾಯಿತು ಎಂಬಲ್ಲಿಂದಲೇ ಅವರ ಮಾತು ಶುರುವಾಗುತ್ತದೆ.

ಹಳೆಯ ಘಟ್ಟವನ್ನು ಬೇಗ ದಾಟಬಹುದು. ಆಡಳಿತ ಮಂಡಳಿಗಳ ಮರ್ಜಿಯಲ್ಲಿದ್ದ ಖಾಸಗಿ ಕಾಲೇಜುಗಳ ಅಧ್ಯಾಪಕರಿಗೆ ಅನುದಾನದ ಸಂಬಳ ಬಂತು, ಆಮೇಲೆ ಯುಜಿಸಿ ವೇತನಶ್ರೇಣಿ ಬಂತು. ಅದರ ನೆರಳಿನಲ್ಲಿ ಕಾಯಂ ಆದ ನನ್ನ ತಲೆಮಾರು ಬಾಗಿಲು ಹಾಕಿಕೊಂಡಿತು ಎಂದರೆ ಗೆಳೆಯರು ಮುನಿಯುತ್ತಾರೆ. ಉದ್ಯೋಗಾಧಾರಿತ (ಜೆಒಸಿ) ಕೋರ್ಸುಗಳ ಅರೆಕಾಲಿಕ ಸಿಬ್ಬಂದಿಯನ್ನು ಇದೇ ಸರ್ಕಾರ ವಿಲೀನ ಮಾಡಿಕೊಂಡದ್ದನ್ನು ಈಗ ಯಾರೂ ನೆನೆಯುವುದಿಲ್ಲ.

ಎರಡು ಸಾವಿರದ ದಶಕದಲ್ಲಿ ತಾಲ್ಲೂಕು, ಹೋಬಳಿಗಳಲ್ಲಿ ಸಾಲುಸಾಲಾಗಿ ಪ್ರಥಮ ದರ್ಜೆ ಕಾಲೇಜುಗಳು ತೆರೆದವು. ಅಷ್ಟು ವೇಗವಾಗಿ ಹುದ್ದೆ ತುಂಬಲಿಲ್ಲ. ಒಂದು ವರ್ಷಕ್ಕೆಂದು ಮಾಡಿದ ಅತಿಥಿ ಉಪನ್ಯಾಸಕರ ಏರ್ಪಾಟೇ ವ್ಯವಸ್ಥೆಯಾಯಿತು. ಇಂದು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಈ ಸಾಲಿನಲ್ಲಿ ಕೆಲಸ ಮಾಡಿದವರಿದ್ದಾರೆ.

2022ರ ಜನವರಿಯ ಆದೇಶ ಈ ಚರಿತ್ರೆಯ ನಡುಘಟ್ಟ. ಯುಜಿಸಿ ಅರ್ಹತೆಯೂ ಐದು ವರ್ಷದ ಅನುಭವವೂ ಉಳ್ಳವರಿಗೆ 13,000 ರೂಪಾಯಿ ಇದ್ದದ್ದು 32,000 ಆಯಿತು. ಪತ್ರಿಕೆಗಳು ಇದನ್ನು ಸಂಕ್ರಾಂತಿ ಕೊಡುಗೆ ಎಂದವು. ವೇಳಾಪಟ್ಟಿ ಹಾಕಲು ಕೂತವರಿಗೆ ಮಾತ್ರ ಇನ್ನೊಂದು ಸಾಲು ಕಂಡಿತು: ವಾರಕ್ಕೆ ಎಂಟು-ಹತ್ತು ಗಂಟೆ ಇದ್ದ ಕಾರ್ಯಭಾರ ಹದಿನೈದಕ್ಕೆ ಏರಿತ್ತು. ಒಂದು ವಿಭಾಗದಲ್ಲಿ ಮೂವತ್ತು ಗಂಟೆ ಪಾಠವಿದ್ದರೆ ಮೊದಲು ಮೂವರಿಗೆ ಕೆಲಸ, ಈಗ ಇಬ್ಬರಿಗೆ. ಏರಿಕೆಯ ಬಾಬ್ತಿನಲ್ಲಿ ಒಂದಷ್ಟನ್ನು ಭರಿಸಿದವರು ಆ ಮೂರನೆಯವರು. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಹೇಳುವುದು ಹದಿನಾರು ಗಂಟೆ, ಆರಂಭದ ಮೂಲವೇತನ 57,700. ಒಂದು ಗಂಟೆಯ ಅಂತರದಲ್ಲಿರುವವರನ್ನು ಅರೆಕಾಲಿಕರೆನ್ನುವುದು ಯಾವ ನ್ಯಾಯ? ಯುಜಿಸಿಯೇ 2019ರಲ್ಲಿ ಅತಿಥಿ ಬೋಧಕರಿಗೆ ಉಪನ್ಯಾಸವೊಂದಕ್ಕೆ 1,500, ತಿಂಗಳಿಗೆ ಗರಿಷ್ಠ 50,000 ಎಂದಿತ್ತು.

ಅದರ ಮೇಲೆ ಪಠ್ಯಕ್ರಮದ ಏಟು. 2021ರಲ್ಲಿ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಪಠ್ಯಕ್ರಮ ಬದಲಾದಾಗಲೆಲ್ಲ ಗಂಟೆಗಳು ಅತ್ತಿತ್ತ ಸರಿದು, ಯಾರದೋ ಅನ್ನ ಅಲುಗಾಡುತ್ತದೆ.

2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಹೊಸ ವರ್ಷದ ಹೊತ್ತಿಗೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಕೇಳಿದ್ದು ಕಾಯಮಾತಿ, ಸಿಕ್ಕಿದ್ದು ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿಯ ಏರಿಕೆ, ಆರೋಗ್ಯ ವಿಮೆ, ಅರವತ್ತು ತುಂಬಿದಾಗ ಐದು ಲಕ್ಷದ ಇಡಿಗಂಟು. ಸಂಘಟನೆಗಳು ಇದನ್ನು ಸೋಲೆಂದವು. ನನಗೆ ಹಾಗನ್ನಿಸಲಿಲ್ಲ. ದುಡಿದ ವರ್ಷಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಬೆಲೆ ಕಟ್ಟಿದ್ದು ಸಣ್ಣ ಮಾತಲ್ಲ.

ಈಗಿನ ಚರ್ಚೆಯೆಲ್ಲ ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳ ಸುತ್ತ. ಅರ್ಹತೆ ಬೇಕು, ಸರಿ. ಆದರೆ ಅರ್ಹತೆ ಇಲ್ಲದವರನ್ನು ವರ್ಷವರ್ಷವೂ ಕರೆದು ದುಡಿಸಿಕೊಂಡವರು ಯಾರು?

ಕಾಯಮಾತಿ ಕೇಳಿದರೆ ಅಧಿಕಾರಿಗಳು, ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲ ಎಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪನ್ನು ಮುಂದೆ ಹಿಡಿಯುತ್ತಾರೆ. ಕರ್ನಾಟಕದ್ದೇ ಪ್ರಕರಣ. ಅದೇ ತೀರ್ಪು ಮಂಜೂರಾದ ಖಾಲಿ ಹುದ್ದೆಯಲ್ಲಿ, ಅರ್ಹತೆಯೊಂದಿಗೆ, ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಪರಿಗಣಿಸಿ ಎಂದೂ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪರವಾಗಿ ಸಮಾನ ವೇತನದ ಮಾತಾಡಿತು. ಅವರದು ಆಯ್ಕೆ ಪ್ರಕ್ರಿಯೆಯಲ್ಲಿ ಬಂದ, ದಾಖಲೆಯಿದ್ದ ನೇಮಕ.

ನಮ್ಮಲ್ಲಿ ಅಂಥ ದಾಖಲೆ ಉಳಿಯುವುದೇ ಇಲ್ಲ: ಸೆಮಿಸ್ಟರ್ ಮುಗಿದರೆ ಬಿಡುಗಡೆ, ಮುಂದಿನ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್, ಬೇರೆ ಕಾಲೇಜು. ಕಾಯಂ ನೌಕರನಿಗೆ ಮೊದಲ ದಿನದಿಂದ ಇರುವ ಸೇವಾಪುಸ್ತಕ ಇವರಿಗಿಲ್ಲ. ಹತ್ತು ವರ್ಷ ದುಡಿದದ್ದನ್ನು ತೋರಿಸಲು ಹತ್ತು ಪ್ರಾಂಶುಪಾಲರ ಪ್ರಮಾಣಪತ್ರ ಬೇಕು. ಮುಂದಿನ ಏರಿಕೆಗೆ ಸಮಿತಿ ಕೂರುವ ಮೊದಲು ಇಲಾಖೆ ಒಬ್ಬೊಬ್ಬರಿಗೂ ಸೇವಾಪುಸ್ತಕ ತೆರೆಯಲಿ: ಯಾವ ಖಾಲಿ ಹುದ್ದೆಯ ಎದುರು, ಎಷ್ಟು ಗಂಟೆ, ಎಂದಿನಿಂದ ಎಂದಿನವರೆಗೆ. ಅದಕ್ಕೆ ಹೊಸ ಕಾನೂನು ಬೇಡ, ಹೆಚ್ಚು ಹಣವೂ ಬೇಡ. ಒಮ್ಮೆ ಬರೆದಿಟ್ಟರೆ ಅಲ್ಲಗಳೆಯಲಾಗದು ಎಂಬುದೊಂದೇ ಅಡ್ಡಿ.