ಕಟ್ಟೆ ಹತ್ತಿದ ಕರಿಯ ಹೆಣ್ಣು

ನ್ಯಾಯಪೀಠಕ್ಕೆ ಜಾತಿ ಇಲ್ಲ ಅಂತಾರೆ. ಅಮೆರಿಕದಲ್ಲೂ ಅದಕ್ಕೆ ಬಣ್ಣ ಇಲ್ಲ ಅಂತಲೇ ಹೇಳ್ತಿದ್ರು. ಒಬ್ಬ ಕರಿಯ ಹೆಣ್ಣುಮಗಳು ಅಲ್ಲಿ ಬಂದು ಕೂತಳು ನೋಡಿ, ಬಣ್ಣ ಕಣ್ಣಿಗೆ ಬಿತ್ತು.

ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಹುಟ್ಟಿದ್ದು 1921ರಲ್ಲಿ, ನ್ಯೂಹೇವನ್ ಪಟ್ಟಣದಲ್ಲಿ. ಅಪ್ಪ ಯೇಲ್ ವಿಶ್ವವಿದ್ಯಾನಿಲಯದ ಹುಡುಗರಿಗೆ ಅಡುಗೆ ಮಾಡಿ ಹಾಕುತ್ತಿದ್ದವನು. ಮಗಳು 1946ರಲ್ಲಿ ಕಾನೂನು ಪದವಿ ಪಡೆದಳು. ಕರಿಯರ ಮಕ್ಕಳಿಗೆ ಬೇರೆ ಶಾಲೆ ಎಂಬುದನ್ನು 1954ರಲ್ಲಿ ಮುರಿದ ಬ್ರೌನ್ ಮೊಕದ್ದಮೆಯ ದಾವೆ ಬರೆದ ಕೈಗಳಲ್ಲಿ ಈಕೆಯದೂ ಒಂದು. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕರಿಯ ಯುವಕ ಮಿಸಿಸಿಪಿ ವಿಶ್ವವಿದ್ಯಾನಿಲಯದ ಹೊಸ್ತಿಲು ದಾಟಿದ್ದು ಈಕೆ ನಡೆಸಿದ ಮೊಕದ್ದಮೆಯಿಂದ. ಬಿಳಿಯರು ದಂಗೆಯೆದ್ದರು, ಎರಡು ಹೆಣ ಬಿದ್ದವು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 10 ಮೊಕದ್ದಮೆಗಳಲ್ಲಿ 9 ಗೆದ್ದಳು.

1966ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆಯಾದಳು. ಆ ಹುದ್ದೆಗೇರಿದ ಮೊದಲ ಕರಿಯ ಹೆಣ್ಣು. 1975ರಲ್ಲಿ, ಹೆಂಗಸರಿಗೆ ಕೆಲಸ ಕೊಡುವಲ್ಲಿ ತಾರತಮ್ಯವಿದೆ ಎಂದು ದೊಡ್ಡ ವಕೀಲಿ ಸಂಸ್ಥೆಯೊಂದರ ಮೇಲೆ ಹೂಡಿದ ದಾವೆ ಈಕೆಯ ಮುಂದೆ ಬಂತು. ತಾರತಮ್ಯ ಉಂಡವರ ಪಕ್ಷದವರು ನೀವು, ಈ ಮೊಕದ್ದಮೆ ಬಿಡಿ ಅಂತು ಸಂಸ್ಥೆ. ಮಾಟ್ಲಿ ಬಿಡಲಿಲ್ಲ. ಹುಟ್ಟಿದ ಬಣ್ಣ, ಲಿಂಗಗಳೇ ಪಕ್ಷಪಾತವಾದರೆ ಈ ಕೋರ್ಟಿನ ಯಾವ ನ್ಯಾಯಾಧೀಶನೂ ಕೂರುವಂತಿಲ್ಲ, ಅವೆರಡೂ ಎಲ್ಲರಿಗೂ ಇವೆಯಲ್ಲ? ಇದು ಆಕೆಯ ಉತ್ತರದ ತಿರುಳು.

1982ರಲ್ಲಿ ಅದೇ ಕೋರ್ಟಿಗೆ ಮುಖ್ಯ ನ್ಯಾಯಾಧೀಶೆಯಾದಳು. 2005ರಲ್ಲಿ ತೀರಿಕೊಂಡಳು.

ಗೆಳೆಯರೇ, ನಮ್ಮೂರ ಪಂಚಾಯ್ತಿ ಕಟ್ಟೆ ನೆನೆಸಿಕೊಳ್ಳಿ. ತಲೆತಲಾಂತರದಿಂದ ಮೇಲೆ ಕೂತವರ ಜಾತಿ ಯಾರೂ ಕೇಳಲ್ಲ, ಅದು ನ್ಯಾಯ. ಕೆಳಗೆ ಕೈಕಟ್ಟಿ ನಿಂತವನು ಮೇಲೆ ಹತ್ತಿದ ದಿನ ಕೇಳ್ತಾರೆ: ನೀನು ಯಾರ ಕಡೆ?