ಮಂಡ್ಯಕ್ಕೆ ಗಂಡು ಕೊಟ್ಟ ಕೊಡಗಿನ ನಿರ್ದೇಶಕ

2018ರ ನವೆಂಬರ್ 25ರಂದು ನಟ ಅಂಬರೀಷ್ ಅವರ ಪಾರ್ಥಿವ ಶರೀರವನ್ನು ಬೆಂಗಳೂರಿನಿಂದ ಮಂಡ್ಯಕ್ಕೆ ಹೆಲಿಕಾಪ್ಟರಿನಲ್ಲಿ ಒಯ್ಯಲಾಯಿತು. ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇರುಳೆಲ್ಲ ಜನ ಸಾಲುಗಟ್ಟಿ ನಿಂತರು. ಅಂತ್ಯಕ್ರಿಯೆ ನಡೆಯಬೇಕಾಗಿದ್ದುದು ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ. ಆದರೂ ಒಮ್ಮೆ ಊರಿಗೆ ತಂದು ತೋರಿಸದಿದ್ದರೆ ಮಂಡ್ಯ ಸುಮ್ಮನಿರುತ್ತಿರಲಿಲ್ಲ. ಅಂದು ಜನರ ಬಾಯಲ್ಲೂ ಪತ್ರಿಕೆಗಳ ತಲೆಬರಹಗಳಲ್ಲೂ ಮತ್ತೆ ಮತ್ತೆ ಬಂದ ಹೆಸರು 'ಮಂಡ್ಯದ ಗಂಡು'.

ಅದು ಜನ ತಾವಾಗಿ ಕೊಟ್ಟ ಬಿರುದೆಂದು ಈಗ ಹಲವರು ತಿಳಿದಿದ್ದಾರೆ. ಅಸಲಿಗೆ ಅದು 1994ರಲ್ಲಿ ತೆರೆ ಕಂಡ ಒಂದು ಚಲನಚಿತ್ರದ ಹೆಸರು. ಆ ಚಿತ್ರದ ನಿರ್ದೇಶಕರು ಮಂಡ್ಯದವರಲ್ಲ, ಕೊಡಗಿನವರು. ಅವರೇ ಎ.ಟಿ. ರಘು.

ಕಾವೇರಿ ಹುಟ್ಟುವುದು ಕೊಡಗಿನ ತಲಕಾವೇರಿಯಲ್ಲಿ, ಕಬ್ಬು ಭತ್ತವಾಗುವುದು ಮಂಡ್ಯದ ಗದ್ದೆಗಳಲ್ಲಿ. ನೀರಾವರಿ ಸಭೆಗಳಲ್ಲಿ ಈ ಮಾತನ್ನು ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಸಿನಿಮಾದಲ್ಲೂ ಹಾಗೇ ಆಯಿತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ.

ಕೊಡವರಲ್ಲಿ ಹೆಸರಿಗೆ ಮೊದಲು ಮನೆತನದ ಹೆಸರು ಬರುತ್ತದೆ. ರಘು ಅವರಿಗೂ ಅಂಥದೊಂದು ಮನೆತನದ ಹೆಸರಿತ್ತು. ಬೆಂಗಳೂರಿನ ಗಾಂಧಿನಗರದ ಪೋಸ್ಟರುಗಳಲ್ಲಿ ಅದು 'ಎ' ಎಂಬ ಒಂದೇ ಅಕ್ಷರವಾಗಿ ಉಳಿಯಿತು. ಹೀಗಾಗಿ ಚಿತ್ರಮಂದಿರದಲ್ಲಿ ಕುಳಿತವರಿಗೆ ನಿರ್ದೇಶಕ ಯಾವ ಸೀಮೆಯವನೆಂದು ತಿಳಿಯುವ ದಾರಿಯೇ ಇರಲಿಲ್ಲ.

1980ರಲ್ಲಿ 'ನ್ಯಾಯ ನೀತಿ ಧರ್ಮ' ಬಂತು. ಆಮೇಲೆ ಹದಿನೈದು ವರ್ಷ ಅವರು ಬಿಡುವಿಲ್ಲದೆ ಚಿತ್ರ ಮಾಡಿದರು. ಒಟ್ಟು 50ಕ್ಕೂ ಹೆಚ್ಚು ಚಿತ್ರಗಳು, ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಬರೀಷ್ ನಾಯಕರಾಗಿದ್ದವು. ಒಬ್ಬ ನಟನೂ ಒಬ್ಬ ನಿರ್ದೇಶಕನೂ ಇಷ್ಟು ಸಲ ಕೂಡಿ ದುಡಿದ ಉದಾಹರಣೆಗಳು ಕನ್ನಡದಲ್ಲಿ ಹೆಚ್ಚಿಲ್ಲ. ನಿರ್ದೇಶನದ ಜೊತೆಗೆ ಕಥೆ, ಚಿತ್ರಕಥೆಗಳಿಗೂ ಅವರು ಕೈ ಹಾಕಿದರು, ನಿರ್ಮಾಪಕರೂ ಆದರು.

ಚಿತ್ರಗಳ ಹೆಸರುಗಳನ್ನೇ ಗಮನಿಸಿ: 'ನ್ಯಾಯ ನೀತಿ ಧರ್ಮ', 'ಅಂತಿಮ ತೀರ್ಪು', ಹಿಂದಿಯಲ್ಲಿ 'ಮೇರಿ ಅದಾಲತ್'. ನ್ಯಾಯಾಲಯ, ತೀರ್ಪು, ಖಾಕಿ ಸಮವಸ್ತ್ರ. ತುರ್ತುಪರಿಸ್ಥಿತಿ ಮುಗಿದ ಮೇಲಿನ ವರ್ಷಗಳಲ್ಲಿ ಪೊಲೀಸ್, ಕೋರ್ಟು, ರಾಜಕಾರಣ ಮೂರರ ಮೇಲೂ ಜನರಿಗೆ ನಂಬಿಕೆ ಸಡಿಲವಾಗಿತ್ತು. 1981ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಆ ಸಿಟ್ಟಿಗೆ ಒಂದು ಮುಖ ಕೊಟ್ಟಿತು. ಆ ಮುಖ ಅಂಬರೀಷ್ ಅವರದು. ಅದಕ್ಕೆ ಮೊದಲು ಅವರು, 1972ರ 'ನಾಗರಹಾವು' ಚಿತ್ರದ ಜಲೀಲನಿಂದ ಹಿಡಿದು, ಹೆಚ್ಚಾಗಿ ಖಳನಾಗಿಯೋ ಪೋಷಕನಾಗಿಯೋ ಕಾಣಿಸಿಕೊಂಡವರು. 1983ರಲ್ಲಿ ವಿ. ಸೋಮಶೇಖರ್ ಅವರ 'ಚಕ್ರವ್ಯೂಹ' ಅದೇ ದಾರಿಯಲ್ಲಿ ಗೆದ್ದಿತು.

ಆದರೆ ನಾಯಕ ಉಳಿಯುವುದು ಎರಡು ದೊಡ್ಡ ಗೆಲುವಿನಿಂದಲ್ಲ. ವರ್ಷಕ್ಕೆ ನಾಲ್ಕಾರು ಚಿತ್ರಗಳು ಬರಬೇಕು, ಅವು ತಾಲ್ಲೂಕು ಕೇಂದ್ರಗಳ ಟೆಂಟುಗಳಲ್ಲಿ ಓಡಬೇಕು, ಹಾಕಿದ ಹಣ ಹಿಂದಕ್ಕೆ ಬರಬೇಕು. ಈ ದಿನನಿತ್ಯದ ದುಡಿಮೆ ರಘು ಅವರಂಥ ನಿರ್ದೇಶಕರದು. ವಿಮರ್ಶಕರು ಇಂಥ ಚಿತ್ರಗಳ ಬಗ್ಗೆ ಹೆಚ್ಚು ಬರೆದಿಲ್ಲ. ಬರೆಯುವಂಥದ್ದು ಎಲ್ಲದರಲ್ಲೂ ಇತ್ತೆಂದೂ ಅಲ್ಲ. ಆದರೆ ಅಂಬರೀಷ್ ಎಂಬ ತಾರೆಯನ್ನು ವರ್ಷದಿಂದ ವರ್ಷಕ್ಕೆ ಹಳ್ಳಿಗಳಲ್ಲಿ ಜೀವಂತವಾಗಿ ಇಟ್ಟದ್ದು ಇವೇ.

ಕೊಡಗಿನವರೆಂದರೆ ಶಿಸ್ತು, ಶಿಸ್ತೆಂದರೆ ಸಮವಸ್ತ್ರ, ಅದಕ್ಕೇ ಈ ಕಾನೂನಿನ ಕಥೆಗಳು ಎಂದು ಲೆಕ್ಕ ಹಾಕುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಅದು ಬರೀ ಊಹೆ. ಆ ಕಾಲದಲ್ಲಿ ಮದರಾಸಿನಿಂದ ಮುಂಬಯಿಯವರೆಗೆ ಎಲ್ಲರೂ ಮಾಡುತ್ತಿದ್ದುದು ಇದೇ ಬಗೆಯ ಚಿತ್ರಗಳನ್ನು.

ಮುಂಬಯಿಗೆ ರಘು ಅವರೂ ಹೋಗಿಬಂದರು. ತಾವೇ ಕನ್ನಡದಲ್ಲಿ ಮಾಡಿದ್ದ 'ಆಶಾ' ಕಥೆಯನ್ನು 1984ರಲ್ಲಿ 'ಮೇರಿ ಅದಾಲತ್' ಹೆಸರಿನಲ್ಲಿ ಹಿಂದಿಗೆ ಒಯ್ದರು. ನಾಯಕ ರಜನೀಕಾಂತ್, ನಾಯಕಿ ಜೀನತ್ ಅಮಾನ್. ರಜನೀಕಾಂತ್ ಹಿಂದಿಗೆ ಕಾಲಿಟ್ಟಿದ್ದು ಅದರ ಹಿಂದಿನ ವರ್ಷ, 'ಅಂಧಾ ಕಾನೂನ್' ಮೂಲಕ. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರನ್ನು ಕೊಡಗಿನವರೊಬ್ಬರು ಹಿಂದಿಯಲ್ಲಿ ನಿರ್ದೇಶಿಸಿದ್ದು ಆ ದಿನಗಳಿಗೆ ಸಣ್ಣ ಸಂಗತಿಯಲ್ಲ. ಆದರೂ ಅವರು ಮುಂಬಯಿಯಲ್ಲಿ ನೆಲೆ ನಿಲ್ಲಲಿಲ್ಲ. ಮರುವರ್ಷ 'ಗುರು ಜಗದ್ಗುರು', ಮತ್ತೆ ಅಂಬರೀಷ್, ಮತ್ತೆ ಗಾಂಧಿನಗರ.

1994ರ 'ಮಂಡ್ಯದ ಗಂಡು' ಬಂದ ಹೊತ್ತನ್ನು ನೆನೆಯಬೇಕು. 1991ರ ಕಾವೇರಿ ಮಧ್ಯಂತರ ಆದೇಶದ ಕಾವು ಮಂಡ್ಯದಲ್ಲಿ ಇನ್ನೂ ಆರಿರಲಿಲ್ಲ. ಅಂಬರೀಷ್ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಮಗ. ನಲವತ್ತು ದಾಟಿದ್ದರು, ರಾಜಕೀಯದ ಬಾಗಿಲ ಬಳಿ ನಿಂತಿದ್ದರು. ಅಲ್ಲಿಯವರೆಗೆ ಅವರು 'ರೆಬೆಲ್ ಸ್ಟಾರ್'. ಆ ಹೆಸರಿಗೆ ಊರಿರಲಿಲ್ಲ, ಅದು ಯಾರಿಗೆ ಬೇಕಾದರೂ ಒಪ್ಪುವಂಥದ್ದು. ರಘು ಅವರ ಚಿತ್ರ ಅದಕ್ಕೊಂದು ಊರು, ಒಂದು ಜಿಲ್ಲೆ ಜೋಡಿಸಿತು. ಚಿತ್ರದ ಶೀರ್ಷಿಕೆ ಗೀತೆ ಮದುವೆ ಮೆರವಣಿಗೆಯ ಬ್ಯಾಂಡುಗಳಿಗೂ ಗಣಪತಿ ಪೆಂಡಾಲಿನ ಧ್ವನಿವರ್ಧಕಗಳಿಗೂ ಸಿಕ್ಕಿದ ಮೇಲೆ ನಟ ಯಾರು, ಪಾತ್ರ ಯಾವುದು ಎಂಬ ವ್ಯತ್ಯಾಸ ಉಳಿಯಲಿಲ್ಲ.

ನಾಲ್ಕೇ ವರ್ಷದಲ್ಲಿ, 1998ರಲ್ಲಿ, ಅಂಬರೀಷ್ ಜನತಾದಳದಿಂದ ಮಂಡ್ಯದ ಲೋಕಸಭಾ ಸದಸ್ಯರಾದರು. 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದ ಅಲ್ಲಿಯೇ ಗೆದ್ದರು. ಪಕ್ಷ ಬದಲಾಯಿತು, ಗಂಡು ಬದಲಾಗಲಿಲ್ಲ. ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ, 2007ರಲ್ಲಿ, ಅವರು ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಪತ್ರ ಕೊಟ್ಟರು. ಗೆದ್ದದ್ದು ಚಿತ್ರದ ಹೆಸರಿನಿಂದಲೇ ಎಂದರೆ ಅತಿಯಾದೀತು, ಆದರೆ ಇಷ್ಟು ಅಗ್ಗವಾಗಿ ಇಷ್ಟು ದೂರ ಹೋದ ಚುನಾವಣಾ ಘೋಷಣೆ ಮತ್ತೊಂದಿಲ್ಲ.

ಹಾಗಾದರೆ 'ಕೊಡಗಿನ ಗಂಡು' ಏಕೆ ಬರಲಿಲ್ಲ?

ಇದಕ್ಕೆ ಉತ್ತರ ಹಂಚಿಕೆದಾರರ ಕಚೇರಿಯಲ್ಲಿದೆ. ಗಾಂಧಿನಗರದವರು ರಾಜ್ಯವನ್ನು ಚಿತ್ರ ಹಂಚಿಕೆಗೆಂದು ವಲಯಗಳಾಗಿ ವಿಂಗಡಿಸಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿ.ಕೆ.ಟಿ. ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿದರೆ ಎಂ.ಎಂ.ಸಿ.ಎಚ್. ಅಲ್ಲಿನ 'ಸಿ' ಎಂದರೆ ಕೂರ್ಗ್. 1956ರ ನವೆಂಬರ್ 1ರವರೆಗೆ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಇದ್ದ ಪುಟ್ಟ ರಾಜ್ಯ ಸಿನಿಮಾ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಅಕ್ಷರ. 1991ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5 ಲಕ್ಷಕ್ಕೂ ಕಡಿಮೆ, ಮಂಡ್ಯದ್ದು 16 ಲಕ್ಷಕ್ಕೂ ಹೆಚ್ಚು. ಕೊಡಗಿನ ಜನ ತೋಟಗಳ ನಡುವೆ, ಒಂದು ಮನೆಗೂ ಇನ್ನೊಂದು ಮನೆಗೂ ದೂರ ದೂರವಾಗಿ ಬದುಕುವವರು. ಮಳೆಗಾಲದಲ್ಲಿ ರಾತ್ರಿ ಆಟಕ್ಕೆ ಹೊರಡುವುದೆಂದರೆ ಹುಡುಗಾಟವಲ್ಲ. ಒಂದೇ ವಲಯದಲ್ಲಿ ಎರಡು ಜಿಲ್ಲೆಗಳಿದ್ದಾಗ ನಿರ್ಮಾಪಕ ಯಾವ ಜಿಲ್ಲೆಯ ಹೆಸರನ್ನು ಚಿತ್ರಕ್ಕೆ ಇಡುತ್ತಾನೆಂದು ಯಾರೂ ಹೇಳಬಲ್ಲರು.

ಕೊಡವ ಭಾಷೆಯಲ್ಲೇ ಚಿತ್ರ ಮಾಡುವ ಸಾಹಸವೂ ನಡೆಯಿತು. ಮೊದಲ ಕೊಡವ ಚಿತ್ರ 'ನಾಡ ಮಣ್ಣ್ ನಾಡ ಕೂಳ್' ಬಂದದ್ದು 1972ರಲ್ಲಿ, ಎಸ್.ಆರ್. ರಾಜನ್ ನಿರ್ದೇಶನದಲ್ಲಿ. 'ನಾಗರಹಾವು' ಬಂದದ್ದೂ ಅದೇ ವರ್ಷ. ಒಂದರ ಪ್ರೇಕ್ಷಕರು ರಾಜ್ಯದ ತುಂಬ, ಇನ್ನೊಂದರ ಪ್ರೇಕ್ಷಕರು ಒಂದು ಜಿಲ್ಲೆಯ ಒಂದು ಭಾಗ. 2011ರ ಜನಗಣತಿಯಲ್ಲೂ ಕೊಡವ ಭಾಷೆಯನ್ನು ತಾಯಿನುಡಿ ಎಂದು ಬರೆಸಿದವರು ಒಂದು ಲಕ್ಷಕ್ಕಿಂತ ತುಸು ಹೆಚ್ಚು ಅಷ್ಟೇ. ಅವರೆಲ್ಲ ಟಿಕೆಟ್ ಕೊಂಡರೂ ಒಬ್ಬ ಹಂಚಿಕೆದಾರನ ಮುಖದಲ್ಲಿ ನಗು ಮೂಡುವುದು ಕಷ್ಟ.

ಕನ್ನಡ ಚಿತ್ರಗಳಿಗೆ ಕೊಡಗು ಹೊಸದೇನೂ ಅಲ್ಲ. ಪುಟ್ಟಣ್ಣ ಕಣಗಾಲರು 1971ರ 'ಶರಪಂಜರ'ದಲ್ಲಿ ನವದಂಪತಿಯನ್ನು ಹಾಡಿಸಲು ಕೊಡಗಿಗೇ ಕರೆತಂದರು. ಆಮೇಲೆ ಬಂದ ತಂಡಗಳೂ ಮಂಜು, ಕಿತ್ತಳೆ, ಜಲಪಾತಗಳನ್ನು ಕ್ಯಾಮೆರಾದಲ್ಲಿ ತುಂಬಿಕೊಂಡು ಹೋದವು. ಊರು ಕಂಡಿತು, ಊರಿನ ಜನ ಅಷ್ಟಾಗಿ ಕಾಣಲಿಲ್ಲ.

ಜನರನ್ನು ತೆರೆಗೆ ತಂದವರು ಕೊಡಗಿನವರಲ್ಲ, ಮೈಸೂರಿನವರು. 'ಅಂತ' ಮಾಡಿ ಅಂಬರೀಷ್ ಅವರನ್ನು ತಾರೆಯಾಗಿಸಿದ ಅದೇ ರಾಜೇಂದ್ರಸಿಂಗ್ ಬಾಬು. ಮಹಾತ್ಮ ಪಿಕ್ಚರ್ಸ್‌ನ ಡಿ. ಶಂಕರ್‌ಸಿಂಗ್ ಅವರ ಮಗ. 1990ರಲ್ಲಿ ಬಾಬು 'ಮುತ್ತಿನ ಹಾರ'ವನ್ನು ತಾವೇ ನಿರ್ಮಿಸಿ ನಿರ್ದೇಶಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆರಂಭವಾಗುವ ಕಥೆಯಲ್ಲಿ ಅಚ್ಚಪ್ಪ ಎಂಬ ಕೊಡವ ಯೋಧನಾಗಿ ವಿಷ್ಣುವರ್ಧನ್, ಅವನನ್ನು ಕೈಹಿಡಿಯುವ ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿ. ಯುದ್ಧ ಅವರ ಮಗುವನ್ನು ಕಿತ್ತುಕೊಳ್ಳುತ್ತದೆ, ಕೊನೆಗೆ ಅವನನ್ನೂ. ಹಂಸಲೇಖ ಅವರ ಸಂಗೀತದಲ್ಲಿ ಎಂ. ಬಾಲಮುರಳಿಕೃಷ್ಣ ಹಾಡಿದರು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು.

ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಸೈನಿಕನ ಕಥೆಗೆ ಬರವಿರಲಿಲ್ಲ. 1965ರ ಯುದ್ಧದಲ್ಲಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ, 'ಮುತ್ತಿನ ಹಾರ'ಕ್ಕೆ ಎರಡು ವರ್ಷ ಮೊದಲು. ಅಂಥ ಮನೆಗಳಲ್ಲಿ ಪದಕದ ಪಕ್ಕದಲ್ಲಿ ಖಾಲಿಯಾದ ಜಾಗವೂ ಇರುತ್ತದೆ ಎಂಬುದನ್ನು ಬಾಬು ಕಂಡರು. ಆದರೆ ಅಚ್ಚಪ್ಪ ಕುಪ್ಪಸ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡರೂ ಮಾತನಾಡಿದ್ದು ಕನ್ನಡವನ್ನೇ. ಕೊಡವ ಭಾಷೆಯಲ್ಲಿ ಮಾತನಾಡಿದ್ದರೆ ಆ ಚಿತ್ರ ಮಂಡ್ಯದಲ್ಲಿ ಓಡುತ್ತಿರಲಿಲ್ಲ; ಬಹುಶಃ ತಯಾರೇ ಆಗುತ್ತಿರಲಿಲ್ಲ.

ಹೀಗೆ ನಾಲ್ಕು ವರ್ಷದ ಅಂತರದಲ್ಲಿ ಮೈಸೂರಿನವರೊಬ್ಬರು ಕೊಡಗಿಗೆ ಅದರ ಸಿಪಾಯಿಯನ್ನು ಕೊಟ್ಟರು, ಕೊಡಗಿನವರೊಬ್ಬರು ಮಂಡ್ಯಕ್ಕೆ ಅದರ ಗಂಡನ್ನು ಕೊಟ್ಟರು. ಬಾಬು ಅವರಿಗೆ ಪ್ರಶಸ್ತಿಗಳು ಬಂದವು, ಮುಂದೆ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷ ಪದವಿಯೂ ಬಂತು. ರಘು ಅವರ ಚಿತ್ರಗಳು ಕ್ರಮೇಣ ಕಡಿಮೆಯಾದವು. ಟೆಂಟುಗಳು ಮುಚ್ಚಿದವು, ಹೊಸ ನಾಯಕರು, ಹೊಸ ನಿರ್ದೇಶಕರು ಬಂದರು. ಅಂಬರೀಷ್ ಅವರೂ ತೆರೆಗಿಂತ ಹೆಚ್ಚು ಸಭೆಗಳಲ್ಲಿ ಕಾಣತೊಡಗಿದರು.

ಅಂಬರೀಷ್ ತೀರಿಕೊಂಡು ಆರು ವರ್ಷವಾದ ಮೇಲೆ, 2025ರ ಮಾರ್ಚ್‌ನಲ್ಲಿ, ರಘು ಬೆಂಗಳೂರಿನಲ್ಲಿ ನಿಧನರಾದರು. ವಯಸ್ಸು 76. ಮರುದಿನದ ಸುದ್ದಿಗಳಲ್ಲಿ ರಜನೀಕಾಂತ್ ಹೆಸರಿತ್ತು, ಚಿತ್ರಗಳ ಸಂಖ್ಯೆಯಿತ್ತು, ಕೊಡಗು ಮೂಲದವರು ಎಂಬ ಒಂದು ಸಾಲೂ ಇತ್ತು. ಆದರೆ ಹೆಸರಿನ ಹಿಂದೆ ಅಂಟಿಕೊಂಡ ವಿಶೇಷಣ 'ಮಂಡ್ಯದ ಗಂಡು ಚಿತ್ರದ ನಿರ್ದೇಶಕ' ಎಂಬುದೇ ಆಗಿತ್ತು.